ಹೇಳದೆ ಉಳಿದ ಕಥೆ



ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಸೂಳಗಿರಿ ಎಂಬ ಊರಿದೆ. ಊರು ಇನ್ನೂ ದೂರವಿರುವಾಗಲೇ ಅಲ್ಲಿನ ಕಲ್ಲುಬೆಟ್ಟ ಕಣ್ಣಿಗೆ ಬೀಳುತ್ತದೆ. ಬೆಟ್ಟದ ತುದಿ ಶಿವನ ಶೂಲದಂತೆ ಕಾಣುವುದರಿಂದ ಊರಿಗೆ ಈ ಹೆಸರು ಬಂದಿತೆಂದು ಹಿರಿಯರು ಹೇಳುವುದುಂಟು. ಶೂಲ ಎಂದರೆ ಮೊನಚಾದ ಆಯುಧ. ಗಿರಿ ಎಂದರೆ ಬೆಟ್ಟ.

ಬೆಟ್ಟಕ್ಕೆ ಒಂದು ಕಥೆ ಇದ್ದಂತೆ ಕೆರೆಗೆ ಒಂದು ಕಥೆ ಇರುತ್ತದೆ. ಊರಮುಂದಿನ ಅರಳಿಮರಕ್ಕೆ, ಹೊಲದ ಬದುವಿನ ಗುಂಡುಕಲ್ಲಿಗೆ, ಗ್ರಾಮದೇವತೆಗೆ ಒಂದೊಂದು ಕಥೆ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ಯಾವ ಪುಸ್ತಕದಲ್ಲಿಯೂ ಇಲ್ಲ. ಅವು ಹಿರಿಯರ ನೆನಪಿನಲ್ಲಿವೆ. ಬಾಯಿಂದ ಬಾಯಿಗೆ ಬಂದ ಇಂತಹ ಕಥೆಗಳನ್ನು ಜನಪದ ಕಥೆಗಳು ಎನ್ನುತ್ತೇವೆ. ನಮ್ಮ ಕಡೆ ಇವುಗಳನ್ನು ಅಜ್ಜಿಕಥೆ, ಅಡಗೂಲಜ್ಜಿ ಕಥೆ ಎಂದೂ ಕರೆಯುತ್ತಾರೆ.

ಹೇಳುವವರು ಹೇಳುವುದನ್ನು ಬಿಟ್ಟರೆ ಈ ಕಥೆಗಳು ಏನಾಗುತ್ತವೆ? ಈ ಪ್ರಶ್ನೆಗೆ ಕನ್ನಡದ ಒಂದು ಜನಪದ ಕಥೆಯೇ ಉತ್ತರ ಹೇಳುತ್ತದೆ. ಕೇಳಿರಿ.

ಒಂದು ಕಥೆ, ಒಂದು ಹಾಡು

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಆದರೆ ಅವಳು ಕಥೆಯನ್ನು ಯಾರಿಗೂ ಹೇಳಲಿಲ್ಲ. ಹಾಡನ್ನು ಯಾರ ಮುಂದೆಯೂ ಹಾಡಲಿಲ್ಲ. ಎರಡನ್ನೂ ತನ್ನೊಳಗೇ ಇಟ್ಟುಕೊಂಡಳು. ಒಳಗೇ ಇದ್ದು ಇದ್ದು ಅವುಗಳಿಗೆ ಉಸಿರು ಕಟ್ಟಿತು.

ಒಂದು ದಿನ ಆ ಹೆಂಗಸು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಇದೇ ಸಮಯವೆಂದು ಕಥೆ ಹೊರಗೆ ಜಿಗಿಯಿತು. ಅದು ಒಂದು ಜೊತೆ ಜೋಡಾಗಿ ಬಾಗಿಲ ಹೊರಗೆ ಕುಳಿತಿತು. ಅದರ ಹಿಂದೆಯೇ ಹಾಡೂ ಹೊರಗೆ ಬಂದಿತು. ಅದು ಗಂಡಸರ ಕೋಟಾಗಿ ಗೋಡೆಯ ಗೂಟಕ್ಕೆ ತೂಗಿಕೊಂಡಿತು.

ಸಂಜೆ ಗಂಡ ಮನೆಗೆ ಬಂದ. ಜೋಡನ್ನು ನೋಡಿದ, ಕೋಟನ್ನು ನೋಡಿದ.

"ಮನೆಗೆ ಯಾರು ಬಂದಿದ್ದಾರೆ?" ಎಂದು ಕೇಳಿದ.

"ಯಾರೂ ಬಂದಿಲ್ಲವಲ್ಲ!" ಎಂದಳು ಹೆಂಡತಿ.

"ಹಾಗಾದರೆ ಈ ಜೋಡು ಯಾರದು? ಈ ಕೋಟು ಯಾರದು?"

"ನನಗೆ ಗೊತ್ತಿಲ್ಲ."

ಮಾತಿಗೆ ಮಾತು ಬೆಳೆಯಿತು. ಗಂಡನಿಗೆ ಸಿಟ್ಟು ಬಂದಿತು. ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಹನುಮಂತರಾಯನ ಗುಡಿಗೆ ಹೋಗಿ ಮಲಗಿದ. ಏನಾಯಿತೆಂದು ತಿಳಿಯದೆ ಹೆಂಡತಿ ಬಹಳ ಹೊತ್ತು ಎಚ್ಚರವಾಗಿದ್ದಳು. ಕೊನೆಗೆ ದೀಪ ಆರಿಸಿ ಮಲಗಿದಳು.

ಆ ಊರಿನಲ್ಲಿ ಒಂದು ವಿಶೇಷವಿತ್ತು. ಜನರು ದೀಪ ಆರಿಸಿದ ಮೇಲೆ ಮನೆಮನೆಯ ದೀಪದ ಕುಡಿಗಳೆಲ್ಲ ಹನುಮಂತರಾಯನ ಗುಡಿಯಲ್ಲಿ ಸೇರುತ್ತಿದ್ದವು. ಬೆಳಗಾಗುವವರೆಗೆ ಊರ ಸುದ್ದಿ ಮಾತಾಡುತ್ತಿದ್ದವು. ಅಂದು ಎಲ್ಲ ಕುಡಿಗಳೂ ಬಂದವು, ಒಂದು ಮಾತ್ರ ಬರಲಿಲ್ಲ. ಅದು ಬಂದಾಗ ಬಹಳ ಹೊತ್ತಾಗಿತ್ತು.

"ಯಾಕಪ್ಪಾ ಇಷ್ಟು ತಡ?" ಎಂದು ಉಳಿದವು ಕೇಳಿದವು.

"ನಮ್ಮ ಮನೆಯಲ್ಲಿ ಗಂಡಹೆಂಡಿರ ಜಗಳ. ದೀಪ ಆರಿಸುವುದೇ ತಡವಾಯಿತು."

"ಜಗಳ ಯಾಕೆ?"

"ಮನೆಯೊಡತಿಗೆ ಒಂದು ಕಥೆ, ಒಂದು ಹಾಡು ಗೊತ್ತು. ಒಂದು ದಿನವಾದರೂ ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಅವು ಬೇಸತ್ತು ಹೊರಗೆ ಬಂದು ಜೋಡು, ಕೋಟುಗಳಾಗಿ ಸೇಡು ತೀರಿಸಿಕೊಂಡಿವೆ. ಪಾಪ, ಅವಳಿಗೆ ಇದು ತಿಳಿಯದು."

ಗುಡಿಯಲ್ಲಿ ಕಂಬಳಿ ಹೊದ್ದು ಮಲಗಿದ್ದ ಗಂಡನಿಗೆ ಇದೆಲ್ಲ ಕೇಳಿಸಿತು. ಅವನ ಅನುಮಾನ ಹೋಯಿತು. ಬೆಳಗಾಗುತ್ತಲೇ ಮನೆಗೆ ಓಡಿದ.

"ನಿನಗೆ ಒಂದು ಕಥೆ, ಒಂದು ಹಾಡು ಗೊತ್ತಂತಲ್ಲ. ನನಗೆ ಹೇಳು" ಎಂದ.

ಅವಳು ಯೋಚಿಸಿದಳು. ಮತ್ತೆ ಯೋಚಿಸಿದಳು.

"ಯಾವ ಕಥೆ? ಯಾವ ಹಾಡು?" ಎಂದಳು. ಎರಡೂ ಅವಳಿಗೆ ಮರೆತುಹೋಗಿದ್ದವು.

ಈ ಕಥೆಯನ್ನು ಉಳಿಸಿದವರು

ಕೇಳುವವನು ಬಂದಾಗ ಹೇಳುವವಳ ಬಳಿ ಕಥೆಯೇ ಇರಲಿಲ್ಲ. ಎಂತಹ ನಷ್ಟ ಅಲ್ಲವೇ? ಆದರೆ ಅವಳ ಕಥೆ ಹೋದರೂ ಅವಳನ್ನು ಕುರಿತ ಕಥೆ ನಮಗೆ ದೊರಕಿದೆ. ಅದನ್ನು ಸಂಗ್ರಹಿಸಿದವರು ಎ.ಕೆ. ರಾಮಾನುಜನ್.

ರಾಮಾನುಜನ್ ಅವರು 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅವರ ಮನೆಮಾತು ತಮಿಳು. ಬೀದಿಗೆ ಬಂದರೆ ಕನ್ನಡ. ಓದಿನಲ್ಲಿ ಇಂಗ್ಲಿಷ್. ನಿಮ್ಮಲ್ಲಿಯೂ ಹಲವರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು ಮಾತಾಡುತ್ತೀರಲ್ಲವೇ? ಅವರೂ ನಿಮ್ಮ ಹಾಗೆಯೇ ಹಲವು ಭಾಷೆಗಳ ನಡುವೆ ಬೆಳೆದರು. ಮುಂದೆ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಆ ಭಾಗದ ಕಥೆಗಳನ್ನು ಕೇಳಿ ಬರೆದುಕೊಂಡರು. ಆನಂತರ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಷ್ಟು ದೂರ ಹೋದರೂ ಕಥೆ ಕೂಡಿಸುವುದನ್ನು ಬಿಡಲಿಲ್ಲ.

1991ರಲ್ಲಿ ಅವರು ಭಾರತದ ಹಲವು ಭಾಷೆಗಳ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಒಂದು ಪುಸ್ತಕವಾಗಿ ತಂದರು. ಕಥೆ ಮತ್ತು ಹಾಡಿನ ಈ ಕಥೆ ಅದರಲ್ಲಿದೆ. ಅದೇ ಪುಸ್ತಕದಲ್ಲಿ ಒಂದು ತಮಿಳು ಕಥೆಯೂ ಇದೆ. ಅದರಲ್ಲಿ ಮಕ್ಕಳು ಸೊಸೆಯರಿಂದ ನೊಂದ ಮುದುಕಿಯೊಬ್ಬಳು ತನ್ನ ದುಃಖವನ್ನು ಯಾರಿಗೂ ಹೇಳದೆ ದಪ್ಪವಾಗುತ್ತಾ ಹೋಗುತ್ತಾಳೆ. ಕೊನೆಗೆ ಪಾಳುಮನೆಯ ಗೋಡೆಗಳ ಮುಂದೆ ಹೇಳಿಕೊಳ್ಳುತ್ತಾಳೆ. ಅವಳ ಮಾತಿನ ಭಾರಕ್ಕೆ ಒಂದೊಂದೇ ಗೋಡೆ ಬೀಳುತ್ತದೆ, ಅವಳು ಹಗುರಾಗುತ್ತಾಳೆ. ಕನ್ನಡದ ಕಥೆ, ತಮಿಳಿನ ಕಥೆ ಎರಡೂ ಹೇಳುವ ಮಾತು ಒಂದೇ. ಒಳಗಿರುವುದನ್ನು ಹೇಳಬೇಕು, ಅದನ್ನು ಕೇಳಲು ಯಾರಾದರೂ ಬೇಕು.

ರಾಮಾನುಜನ್ 1993ರಲ್ಲಿ ತೀರಿಕೊಂಡರು. ಅವರು ಸಂಗ್ರಹಿಸಿದ ಕನ್ನಡ ಕಥೆಗಳ ಇನ್ನೊಂದು ಪುಸ್ತಕ 1997ರಲ್ಲಿ ಪ್ರಕಟವಾಯಿತು.

ಹಾಡಿನಲ್ಲಿ ಬಂದ ಕಥೆ

ಕೆಲವು ಕಥೆಗಳು ಬಹಳ ದೊಡ್ಡವು. ಮಲೆ ಮಹದೇಶ್ವರನ ಹೆಸರನ್ನು ನೀವು ಕೇಳಿರಬಹುದು. ಭಕ್ತರು ಅವನನ್ನು ಪ್ರೀತಿಯಿಂದ ಮಾದಪ್ಪ ಎನ್ನುತ್ತಾರೆ. ಅವನ ಬೆಟ್ಟ ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿ, ತಮಿಳುನಾಡಿನ ಗಡಿಯ ಸಮೀಪದಲ್ಲಿದೆ. ಎರಡು ರಾಜ್ಯಗಳಿಂದಲೂ ಜನರು ಅಲ್ಲಿಗೆ ಹೋಗುತ್ತಾರೆ.

ಹುಲಿಯನ್ನೇರಿ ಬಂದ ಮಾದಪ್ಪನ ಕಥೆಯನ್ನು ದೇವರಗುಡ್ಡರು ಹಾಡುತ್ತಾರೆ. ಅವರ ಕೈಯಲ್ಲಿ ಕಂಚಿನ ಕಂಸಾಳೆ ಇರುತ್ತದೆ. ಎಡಗೈಯಲ್ಲಿ ಬಟ್ಟಲಿನಂತಹ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಇನ್ನೊಂದು ತಾಳ. ಹಾಡು ಶುರುವಾದರೆ ಬೆಳಗಿನ ಜಾವದವರೆಗೂ ನಡೆಯುತ್ತದೆ. ಆದರೂ ಕಥೆ ಮುಗಿಯುವುದಿಲ್ಲ. ಗುಡ್ಡರು ಇದನ್ನು ಪುಸ್ತಕ ನೋಡಿ ಕಲಿತವರಲ್ಲ. ಗುರುವಿನ ಜೊತೆಯಲ್ಲಿ ಕುಳಿತು, ದನಿಗೂಡಿಸಿ ಕಲಿತವರು. ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಈ ಹಾಡುಗಾರರ ಮುಂದೆ ಕುಳಿತು ಕೇಳಿ, ಬರೆದು, ಅಚ್ಚು ಹಾಕಿಸಿದರು.

ಹೀಗೆ ಜನಪದವನ್ನು ಉಳಿಸಲು ದುಡಿದ ಇನ್ನೊಬ್ಬರು ಎಚ್.ಎಲ್. ನಾಗೇಗೌಡರು. ಅವರು 1915ರಲ್ಲಿ ಮಂಡ್ಯ ಜಿಲ್ಲೆಯ ಹೆರಗನಹಳ್ಳಿಯಲ್ಲಿ ಹುಟ್ಟಿದರು. ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದರೂ ಹಳ್ಳಿಯ ಹಾಡು, ಕಥೆಗಳನ್ನು ಮರೆಯಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಅಲ್ಲಿ ಬೀಸುವ ಕಲ್ಲು, ನೇಗಿಲು, ವಾದ್ಯಗಳು, ತೊಗಲುಬೊಂಬೆಗಳ ಜೊತೆಗೆ ಹಾಡುಗಾರರ ದನಿಯ ಮುದ್ರಣಗಳೂ ಇವೆ. ನಾಗೇಗೌಡರು 2005ರಲ್ಲಿ ತೀರಿಕೊಂಡರು. ಆದರೆ ಜಾನಪದ ಲೋಕದಲ್ಲಿ ಹಳೆಯ ದನಿಗಳು ಇಂದಿಗೂ ಇವೆ.

ಕಡಲ ನಡುವೆ ಒಂದು ನಾಡು

ಕಥೆಗಳನ್ನು ಕಳೆದುಕೊಳ್ಳುವ ಭಯ ನಮಗೆ ಮಾತ್ರ ಬಂದುದಲ್ಲ. ಶಾಂತಸಾಗರದ ನಡುವೆ ಹವಾಯಿ ಎಂಬ ದ್ವೀಪಗಳಿವೆ. ಭೂಪಟದಲ್ಲಿ ಹುಡುಕಿ ನೋಡಿರಿ. ಅವು ಬೆಂಕಿಯ ಬೆಟ್ಟಗಳಿಂದ ಹುಟ್ಟಿದ ದ್ವೀಪಗಳು. ಅಲ್ಲಿನ ಕಿಲವೆಯ ಎಂಬ ಬೆಂಕಿಬೆಟ್ಟದಲ್ಲಿ ಪೆಲೆ ಎಂಬ ದೇವಿ ವಾಸಿಸುತ್ತಾಳೆಂದು ಆ ಜನರ ಪುರಾಣಗಳು ಹೇಳುತ್ತವೆ.

ಅವರ ಇನ್ನೊಂದು ಕಥೆ ಹೀಗಿದೆ. ಬಹಳ ಹಿಂದೆ ಸೂರ್ಯ ಆಕಾಶದಲ್ಲಿ ಓಡೋಡಿ ಹೋಗುತ್ತಿದ್ದನಂತೆ. ಮಾವಿ ಎಂಬ ವೀರನ ತಾಯಿ ಮರದ ತೊಗಟೆಯಿಂದ ಬಟ್ಟೆ ಮಾಡುತ್ತಿದ್ದಳು. ಅದನ್ನು ಹರಡಿ ಒಣಗಿಸುವಷ್ಟರಲ್ಲಿ ಕತ್ತಲಾಗುತ್ತಿತ್ತು. ತಾಯಿಯ ಕಷ್ಟವನ್ನು ನೋಡಲಾರದೆ ಮಾವಿ ಹಗ್ಗ ಹಿಡಿದು ಎತ್ತರದ ಬೆಟ್ಟವನ್ನು ಹತ್ತಿದ. ಸೂರ್ಯ ಬರುತ್ತಲೇ ಅವನ ಕಿರಣಗಳಿಗೆ ಉರುಳು ಹಾಕಿ ಹಿಡಿದ. "ನಿಧಾನವಾಗಿ ನಡೆಯುತ್ತೇನೆ, ಬಿಟ್ಟುಬಿಡು" ಎಂದು ಸೂರ್ಯ ಬೇಡಿಕೊಂಡ. ಅಂದಿನಿಂದ ವರ್ಷದಲ್ಲಿ ಕೆಲವು ತಿಂಗಳು ಹಗಲು ದೀರ್ಘವಾಯಿತಂತೆ.

ಹವಾಯಿಯ ಜನರಿಗೆ ಮೊದಲು ಲಿಪಿ ಇರಲಿಲ್ಲ. ಲೋಕ ಹುಟ್ಟಿದ ಬಗೆಯನ್ನು ಹೇಳುವ ಎರಡು ಸಾವಿರಕ್ಕೂ ಹೆಚ್ಚು ಸಾಲುಗಳ ಒಂದು ಹಾಡನ್ನು ಅವರು ಬಾಯಿಪಾಠವಾಗಿಯೇ ಉಳಿಸಿಕೊಂಡಿದ್ದರು. ಅದರ ಹೆಸರು ಕುಮುಲಿಪೊ. 1820ರಲ್ಲಿ ಅಲ್ಲಿಗೆ ಅಚ್ಚಿನ ಯಂತ್ರ ಬಂದಿತು. ಜನರು ತಮ್ಮ ಭಾಷೆಯನ್ನು ಬರೆಯಲು ಕಲಿತರು. ಕಥೆಗಳನ್ನು ತಮ್ಮ ಪತ್ರಿಕೆಗಳಲ್ಲಿ ಬರೆದರು. ಅವರ ದೊರೆ ಕಲಾಕೌವ 1889ರಲ್ಲಿ ಕುಮುಲಿಪೊವನ್ನು ಅಚ್ಚು ಹಾಕಿಸಿದನು.

ಆದರೆ 1893ರಲ್ಲಿ ಅವರ ರಾಜ್ಯ ಅವರ ಕೈತಪ್ಪಿತು. 1896ರ ಕಾನೂನಿನಂತೆ ಶಾಲೆಗಳಲ್ಲಿ ಇಂಗ್ಲಿಷಿನಲ್ಲಿಯೇ ಪಾಠ ನಡೆಯಬೇಕಾಯಿತು. ಮಕ್ಕಳು ಮನೆಮಾತನ್ನು ಮರೆಯತೊಡಗಿದರು. ಅಜ್ಜಿ ಹೇಳುವ ಕಥೆ ಮೊಮ್ಮಗುವಿಗೆ ಅರ್ಥವಾಗದ ಕಾಲ ಬಂದಿತು.

ಆ ಕಾಲದಲ್ಲಿ, 1895ರಲ್ಲಿ, ಮೇರಿ ಕವೆನ ಪುಕುಯಿ ಎಂಬಾಕೆ ಹುಟ್ಟಿದಳು. ಚಿಕ್ಕಂದಿನಲ್ಲಿ ಅವಳನ್ನು ಸಾಕಿದವಳು ಅಜ್ಜಿ. ಅಜ್ಜಿಯ ಬಾಯಿಂದ ಹಾಡು, ಕಥೆ, ಗಾದೆಗಳು ಅವಳಿಗೆ ಬಂದವು. ಬೆಳೆದ ಮೇಲೆ ಅವಳು ಹೊನೊಲುಲು ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದಳು. ಮುದುಕರನ್ನು ಹುಡುಕಿಕೊಂಡು ಹೋಗಿ ಅವರ ಮಾತುಗಳನ್ನು ಧ್ವನಿಮುದ್ರಿಸಿದಳು. 1957ರಲ್ಲಿ ಇನ್ನೊಬ್ಬ ವಿದ್ವಾಂಸರ ಜೊತೆ ಸೇರಿ ದೊಡ್ಡ ನಿಘಂಟನ್ನು ತಂದಳು.

1978ರಲ್ಲಿ ಹವಾಯಿ ಭಾಷೆಗೆ ಇಂಗ್ಲಿಷಿನ ಜೊತೆಗೆ ಆಡಳಿತ ಭಾಷೆಯ ಸ್ಥಾನ ದೊರೆಯಿತು. 1984ರಲ್ಲಿ ಪುಟ್ಟ ಮಕ್ಕಳಿಗಾಗಿ ಆ ಭಾಷೆಯ ಶಾಲೆ ತೆರೆಯಿತು. 1987ರಲ್ಲಿ ಸರ್ಕಾರಿ ಶಾಲೆಗಳಲ್ಲಿಯೂ ಆ ಭಾಷೆಯಲ್ಲಿ ಪಾಠ ಆರಂಭವಾಯಿತು. ಹಿರಿಯರು ಕೂಡಿಟ್ಟ ಕಥೆಗಳು ಮಕ್ಕಳಿಗೆ ಪಾಠವಾಗಿ ಒದಗಿದವು. ಅಜ್ಜಿಯಿಂದ ಕೇಳಿದ ಒಬ್ಬ ಮೊಮ್ಮಗಳ ದುಡಿಮೆ ಎಷ್ಟು ದೊಡ್ಡ ಫಲ ಕೊಟ್ಟಿತು, ನೋಡಿರಿ.

ನೀವೂ ಸಂಗ್ರಹಿಸಿರಿ

ತಮಿಳುನಾಡಿನಲ್ಲಿದ್ದು ಕನ್ನಡದಲ್ಲಿ ಓದುತ್ತಿರುವ ನಿಮಗೆ ಈ ಮಾತು ಬೇಗ ತಿಳಿಯುತ್ತದೆ. ನಿಮ್ಮ ಅಜ್ಜಿಯ ಕನ್ನಡ ನಿಮಗೆ ಅರ್ಥವಾಗುತ್ತದೆ. ಆ ಕನ್ನಡವನ್ನು ಬರೆಯಲೂ ನಿಮಗೆ ಬರುತ್ತದೆ. ಹಾಗಾದರೆ ಕಥೆ ಸಂಗ್ರಹಿಸಲು ಬೇಕಾದುದೆಲ್ಲ ನಿಮ್ಮ ಬಳಿಯೇ ಇದೆ. ಕೆಲವು ಕ್ರಮಗಳನ್ನು ಮಾತ್ರ ನೆನಪಿಡಿರಿ.

ಮೊದಲು ಸಮಯ ನೋಡಿ ಕೇಳಿರಿ. ಹಸು ಕರೆಯುವ ಹೊತ್ತಿನಲ್ಲಿ, ಮುದ್ದೆ ತೊಳಸುವ ಹೊತ್ತಿನಲ್ಲಿ ಕಥೆ ಕೇಳಿದರೆ ಯಾರೂ ಹೇಳುವುದಿಲ್ಲ. ಹುಣಸೆಹಣ್ಣಿನ ಬೀಜ ತೆಗೆಯುವಾಗ, ಅವರೆಕಾಯಿ ಸುಲಿಯುವಾಗ ಹತ್ತಿರ ಕುಳಿತು, ನೀವೂ ಕೈಗೂಡಿಸಿ ಕೇಳಿರಿ. ಕೈಗೆ ಕೆಲಸವಿದ್ದರೆ ಬಾಯಿಗೆ ಕಥೆ ಬರುತ್ತದೆ.

ಎರಡನೆಯದಾಗಿ, ಹೂಂಗುಟ್ಟುತ್ತಾ ಕೇಳಿರಿ. ಹೂಂಗುಟ್ಟುವವರಿಲ್ಲದೆ ಕಥೆ ಮುಂದೆ ಹೋಗುವುದಿಲ್ಲ. ನಡುವೆ ಬಾಯಿಹಾಕಿ "ಅದು ಹಾಗಲ್ಲ" ಎನ್ನಬಾರದು. ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿರಿ. ಒಬ್ಬ ಅಜ್ಜಿ ಕಾಗಕ್ಕನ ಮನೆ ಸಗಣಿಯದು ಎನ್ನಬಹುದು. ಇನ್ನೊಬ್ಬ ಅಜ್ಜಿ ಮಣ್ಣಿನದು ಎನ್ನಬಹುದು. ಎರಡೂ ಸರಿ. ಜನಪದ ಕಥೆಗೆ ಒಂದೇ ರೂಪವಿಲ್ಲ. ಎರಡನ್ನೂ ಬರೆದುಕೊಳ್ಳಿರಿ.

ಮೂರನೆಯದಾಗಿ, ಅವರು ಹೇಳಿದ ಮಾತಿನಲ್ಲಿಯೇ ಬರೆಯಿರಿ. ಅಜ್ಜಿ "ಬಂದವ್ನೆ" ಎಂದರೆ "ಬಂದಿದ್ದಾನೆ" ಎಂದು ತಿದ್ದಬೇಡಿರಿ. ನಡುವೆ ತೆಲುಗು, ತಮಿಳು ಮಾತು ಬಂದರೆ ಅದನ್ನೂ ಹಾಗೆಯೇ ಬರೆಯಿರಿ. ಮನೆಯಲ್ಲಿ ಮೊಬೈಲ್ ಫೋನ್ ಇದ್ದರೆ, ಹೇಳುವವರ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಬಹುದು. ಕೆಲವು ದೇವರ ಕಥೆಗಳನ್ನು ಹಬ್ಬದ ದಿನವೇ ಹೇಳಬೇಕೆಂಬ ಪದ್ಧತಿ ಇರುತ್ತದೆ. ಅಂತಹ ಕಡೆ ಹಿರಿಯರು ಹೇಳಿದಂತೆ ನಡೆಯಿರಿ.

ನಾಲ್ಕನೆಯದು ಬಹಳ ಮುಖ್ಯ. ಕಥೆಯ ಜೊತೆಗೆ ಹೇಳಿದವರ ಹೆಸರನ್ನೂ ಬರೆಯಿರಿ. ಕಥೆಯ ಪುಟದ ಮೇಲುಗಡೆ ಹೀಗೆ ಬರೆಯಬಹುದು.

ಕಥೆಯ ಹೆಸರು:
ಹೇಳಿದವರ ಹೆಸರು, ವಯಸ್ಸು:
ಅವರ ಊರು:
ಅವರು ಈ ಕಥೆಯನ್ನು ಕೇಳಿದ್ದು ಯಾರಿಂದ:
ನಾನು ಕೇಳಿದ ದಿನ:
ಬರೆದವರು:

"ಯಾರಿಂದ ಕೇಳಿದ್ದು?" ಎಂದು ಕೇಳಿ ನೋಡಿರಿ. "ನಮ್ಮವ್ವನಿಂದ" ಎನ್ನಬಹುದು. "ಅವ್ವ ಯಾರಿಂದ ಕೇಳಿದ್ದಳು?" ಎಂದರೆ "ಅವರವ್ವನಿಂದ" ಎನ್ನಬಹುದು. ಒಂದು ಸಾಲು ಬರೆಯುವಷ್ಟರಲ್ಲಿ ನೀವು ನೂರು ವರ್ಷ ಹಿಂದೆ ಹೋಗಿರುತ್ತೀರಿ!

ಕೊನೆಯದಾಗಿ, ಬರೆದುದನ್ನು ಹೇಳಿದವರಿಗೆ ಓದಿ ತೋರಿಸಿರಿ. ಓದಲು ಬಾರದ ಅಜ್ಜಿಗೆ ತನ್ನ ಕಥೆ ಮೊಮ್ಮಗುವಿನ ಪುಸ್ತಕದಿಂದ ಕೇಳಿಬಂದರೆ ಎಷ್ಟು ಸಂತೋಷವಾಗಬಹುದು! ಬಿಟ್ಟುಹೋದುದನ್ನು ಅವರೇ ನೆನಪಿಸಿಕೊಂಡು ಸೇರಿಸುತ್ತಾರೆ.

ಬರೆದು ಪೆಟ್ಟಿಗೆಯಲ್ಲಿ ಇಟ್ಟರೆ ಕೆಲಸ ಮುಗಿಯಲಿಲ್ಲ. ಪುಸ್ತಕದೊಳಗೆ ಮುಚ್ಚಿಟ್ಟ ಕಥೆಗೂ ಉಸಿರು ಕಟ್ಟುತ್ತದೆ. ಅದನ್ನು ತರಗತಿಯಲ್ಲಿ ಹೇಳಿರಿ. ತಮ್ಮ ತಂಗಿಯರಿಗೆ ಹೇಳಿರಿ. ಹೇಳುವಾಗ ನಿಮ್ಮ ಮಾತು, ನಿಮ್ಮ ಅಭಿನಯ ಸೇರಲಿ. ಆದರೆ ಕಥೆಯ ತಿರುಳು ಕೆಡದಿರಲಿ. "ಇದು ನಮ್ಮಜ್ಜಿ ಹೇಳಿದ ಕಥೆ" ಎಂದು ಮೊದಲೇ ಹೇಳುವುದನ್ನು ಮರೆಯಬೇಡಿರಿ.

ಗಂಡ ಕೇಳಲು ಬಂದಾಗ ಆ ಹೆಂಗಸಿಗೆ ಕಥೆ ಮರೆತುಹೋಗಿತ್ತು. ಅವನು ಒಂದು ದಿನ ಮೊದಲೇ ಕೇಳಿದ್ದರೆ? ನಾಳೆ ಕೇಳೋಣ ಎನ್ನಬೇಡಿರಿ. ಇಂದು ಸಂಜೆಯೇ ಅಜ್ಜಿಯ ಬಳಿ, ತಾತನ ಬಳಿ ಹೋಗಿ ಕುಳಿತುಕೊಳ್ಳಿರಿ. "ಒಂದು ಕಥೆ ಹೇಳು" ಎನ್ನಿರಿ. ಹೂಂ ಎನ್ನಲು ಸಿದ್ಧರಾಗಿರಿ.

ಪದಗಳ ಅರ್ಥ

ಜೋಡು – ಕಾಲಿನ ಮೆಟ್ಟು, ಚಪ್ಪಲಿ
ಗೂಟ – ಬಟ್ಟೆ ತೂಗುಹಾಕುವ ಮೊಳೆ
ಕುಡಿ – ದೀಪದ ಜ್ವಾಲೆ
ಸೇಡು – ಹಗೆ ತೀರಿಸಿಕೊಳ್ಳುವುದು
ಉರುಳು – ಹಗ್ಗದ ಕುಣಿಕೆ
ತಿರುಳು – ಸಾರ, ಮುಖ್ಯವಾದ ಭಾಗ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಜನಪದ ಕಥೆಗಳು ಎಂದರೇನು?
2. ಕಥೆ ಮತ್ತು ಹಾಡು ಯಾವ ರೂಪಗಳನ್ನು ಪಡೆದವು?
3. ಜಾನಪದ ಲೋಕ ಎಲ್ಲಿದೆ?
4. ಮಾವಿ ಸೂರ್ಯನನ್ನು ಹಿಡಿದುದು ಏಕೆ?

ಆ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗಂಡನ ಅನುಮಾನ ಹೇಗೆ ಹೋಯಿತು?
2. ದೇವರಗುಡ್ಡರು ಕಥೆಯನ್ನು ಹೇಗೆ ಕಲಿಯುತ್ತಾರೆ?
3. 1896ರ ನಂತರ ಹವಾಯಿಯ ಮಕ್ಕಳಿಗೆ ಏನಾಯಿತು?
4. ಕಥೆ ಹೇಳಿದವರ ಹೆಸರನ್ನು ಏಕೆ ಬರೆಯಬೇಕು? ಯೋಚಿಸಿ ಬರೆಯಿರಿ.

ಇ. ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಎ.ಕೆ. ರಾಮಾನುಜನ್ ಅವರು ______ ರಲ್ಲಿ ಮೈಸೂರಿನಲ್ಲಿ ಹುಟ್ಟಿದರು.
2. ದೇವರಗುಡ್ಡರ ಕೈಯಲ್ಲಿ ಕಂಚಿನ ______ ಇರುತ್ತದೆ.
3. ಕಥೆ ಕೇಳುವವರು ______ ಬೇಕು.

ಈ. ಹೊಂದಿಸಿ ಬರೆಯಿರಿ.
1. ನಾಗೇಗೌಡ – ಕುಮುಲಿಪೊ
2. ಕಲಾಕೌವ – ನಿಘಂಟು
3. ಮೇರಿ ಕವೆನ ಪುಕುಯಿ – ಜಾನಪದ ಲೋಕ

ಉ. ಭಾಷಾಭ್ಯಾಸ
ಮಾದರಿಯಂತೆ ಬರೆಯಿರಿ. ಮಾದರಿ: ಮನೆ – ಮನೆಮನೆ
ಊರು, ಬೀದಿ, ಕೇರಿ
ಮಾದರಿ: ಹುಲಿಯನ್ನು + ಏರಿ = ಹುಲಿಯನ್ನೇರಿ
ಅಜ್ಜಿಯನ್ನು + ಏಕೆ, ಕಥೆಯನ್ನು + ಎಲ್ಲ

ಊ. ಚಟುವಟಿಕೆ
1. ನಿಮ್ಮ ಊರಿಗೆ ಆ ಹೆಸರು ಹೇಗೆ ಬಂದಿತೆಂದು ಮೂವರು ಹಿರಿಯರನ್ನು ಕೇಳಿರಿ. ಮೂವರೂ ಹೇಳಿದುದನ್ನು ಬೇರೆಬೇರೆಯಾಗಿ ಬರೆಯಿರಿ.
2. ಒಂದೇ ಕಥೆಯನ್ನು ಕನ್ನಡದಲ್ಲಿ ಒಬ್ಬರಿಂದ, ತೆಲುಗು ಅಥವಾ ತಮಿಳಿನಲ್ಲಿ ಇನ್ನೊಬ್ಬರಿಂದ ಕೇಳಿರಿ. ವ್ಯತ್ಯಾಸಗಳನ್ನು ತರಗತಿಯಲ್ಲಿ ಹೇಳಿರಿ.
3. ತರಗತಿಯ ಎಲ್ಲರ ಕಥೆಗಳನ್ನು ಸೇರಿಸಿ ಹೊಲಿದು ಒಂದು ಪುಸ್ತಕ ಮಾಡಿರಿ. ಮೊದಲ ಪುಟದಲ್ಲಿ ಕಥೆ ಹೇಳಿದ ಹಿರಿಯರ ಹೆಸರುಗಳನ್ನು ಬರೆಯಿರಿ.